ಮಕ್ಕಳನ್ನು ಕಟ್ಟಿಕೊಂಡು ಗಿರಿಗೆ: ಚಿಕ್ಕಮಗಳೂರಿನಲ್ಲಿ ಎರಡು ರಾತ್ರಿ

ಚಿಕ್ಕಮಗಳೂರಿಗೆ ಹೊರಟವರ ಪಟ್ಟಿ ಬಹುತೇಕ ಒಂದೇ ಥರ ಇರುತ್ತದೆ. ಮುಳ್ಳಯ್ಯನಗಿರಿ, ಬಾಬಾಬುಡನ್‌ಗಿರಿ, ಮಾಣಿಕ್ಯಧಾರಾ, ಕೆಮ್ಮಣ್ಣುಗುಂಡಿ, ಹೆಬ್ಬೆ ಜಲಪಾತ, ಬೇಲೂರು, ಹಳೇಬೀಡು, ಎಲ್ಲವೂ ಎರಡೇ ದಿನದಲ್ಲಿ. ದೊಡ್ಡವರಷ್ಟೇ ಇದ್ದರೆ ಹೇಗೋ ಮುಗಿಸಿಬಿಡಬಹುದು. ನಾಲ್ಕರಿಂದ ಹತ್ತು ವರ್ಷದ ಮಕ್ಕಳಿದ್ದರೆ ಅರ್ಧ ದಿನ ಕಾರಿನಲ್ಲೇ ಕಳೆದು, ಉಳಿದರ್ಧ ವಾಂತಿ, ಹಸಿವು, ಹಟ ಸುಧಾರಿಸುವುದರಲ್ಲಿ ಹೋಗುತ್ತದೆ. ಆದ್ದರಿಂದ ದಿನಕ್ಕೆ ಒಂದೇ ದೊಡ್ಡ ಜಾಗ ಇಟ್ಟುಕೊಳ್ಳಿ. ಅದನ್ನು ಮಧ್ಯಾಹ್ನದೊಳಗೆ ಮುಗಿಸಿ, ಎರಡೂ ರಾತ್ರಿ ಒಂದೇ ಕಡೆ ತಂಗಿ. ಮುಂದಿನ ಲೆಕ್ಕವೆಲ್ಲ ಇದರ ಮೇಲೆಯೇ ನಿಂತಿದೆ.

ಯಾವಾಗ

ಮಳೆ ಬಿಟ್ಟ ಮೇಲೆ, ಅಕ್ಟೋಬರ್ ಕೊನೆಯಿಂದ ಫೆಬ್ರವರಿವರೆಗೆ. ಆಗ ಹುಲ್ಲು ಇನ್ನೂ ಹಸಿರಾಗಿರುತ್ತದೆ, ತೋಟಗಳಲ್ಲಿ ಕಾಫಿ ಕೊಯ್ಲು ನಡೆದಿರುತ್ತದೆ. ಹಣ್ಣು ಬಿಡಿಸುವುದು, ಸಿಪ್ಪೆ ಸುಲಿಯುವ ಪಲ್ಪರ್ ಯಂತ್ರ, ಕಣದಲ್ಲಿ ಒಣಗುತ್ತಿರುವ ರಾಶಿ, ಇವೆಲ್ಲ ಮಕ್ಕಳಿಗೆ ಯಾವ ವ್ಯೂ ಪಾಯಿಂಟ್‌ಗಿಂತಲೂ ಹೆಚ್ಚು ಹಿಡಿಸುತ್ತವೆ. ಮಾರ್ಚ್-ಏಪ್ರಿಲ್‌ನಲ್ಲಿ ಹೂಮಳೆ ಬಿದ್ದರೆ ತೋಟ ಬೆಳ್ಳಗೆ ಅರಳುವುದು ಚಂದವೇ, ಆದರೆ ಆ ಹೊತ್ತಿಗೆ ಗಿರಿಯ ಹುಲ್ಲು ಒಣಗಿ, ಕಾಡ್ಗಿಚ್ಚಿನ ಭಯವಿರುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಚಿಕ್ಕ ಮಕ್ಕಳೊಡನೆ ಬೇಡ. ದಟ್ಟ ಮಂಜು, ಜಾರುವ ಮೆಟ್ಟಿಲು, ರಸ್ತೆಗೆ ಕುಸಿಯುವ ಮಣ್ಣು ಎಲ್ಲವೂ ಆಗಲೇ.

ಒಳ್ಳೆಯ ತಿಂಗಳಲ್ಲೂ ಮೂರು ಸಂದರ್ಭ ತಪ್ಪಿಸಿ. ಮೊದಲನೆಯದು ಡಿಸೆಂಬರ್ ಕೊನೆಯ ವಾರ. ಎರಡನೆಯದು ದತ್ತ ಜಯಂತಿಯ ಆಸುಪಾಸು, ಆಗ ಬಾಬಾಬುಡನ್‌ಗಿರಿ ಕಡೆಗೆ ಪ್ರವಾಸಿಗರನ್ನು ಬಿಡದಿರುವುದು ಸಾಮಾನ್ಯ. ಮೂರನೆಯದು ದೀಪಾವಳಿಯ ನರಕ ಚತುರ್ದಶಿ, ಅಂದು ಬಿಂಡಿಗ ದೇವೀರಮ್ಮನ ಬೆಟ್ಟ ಹತ್ತಲು ಬರುವ ಜನಸಾಗರದಿಂದ ಮಲ್ಲೇನಹಳ್ಳಿ ರಸ್ತೆ ತುಂಬಿಹೋಗುತ್ತದೆ. ಗಿರಿಗೆ ಹೋಗುವ ವಾಹನಗಳಿಗೆ ಮುಂಗಡ ನೋಂದಣಿಯ ನಿಯಮವೂ ಇರಬಹುದಾದ್ದರಿಂದ ಹೊರಡುವ ವಾರವೇ ಜಿಲ್ಲಾಡಳಿತದ ಪ್ರಕಟಣೆ ನೋಡಿಕೊಳ್ಳಿ. ಚೆಕ್‌ಪೋಸ್ಟ್‌ನಿಂದ ವಾಪಸ್ ಬರುವುದು ಮಕ್ಕಳಿಗಿಂತ ಅಪ್ಪ-ಅಮ್ಮನಿಗೇ ಹೆಚ್ಚು ಸಂಕಟ.

ಹೋಂಸ್ಟೇಗೆ ಫೋನ್ ಮಾಡಿದಾಗ

ಫೋಟೊ ನೋಡಿ ಮುಂಗಡ ಕಟ್ಟಬೇಡಿ, ಮಾತಾಡಿ. ಟಾರು ರಸ್ತೆ ಮನೆಯವರೆಗೂ ಇದೆಯೇ, ಕೊನೆಯ ಎರಡು ಮೈಲಿಗೆ ಜೀಪು ಬೇಕೇ? ಬಿಸಿನೀರು ಎಷ್ಟು ಹೊತ್ತಿಗೆ ಸಿಗುತ್ತದೆ? ಕರೆಂಟು ಹೋದರೆ ಏನು ವ್ಯವಸ್ಥೆ? ರಾತ್ರಿ ಊಟ ಏಳೂವರೆಗೆ ಸಿಗುತ್ತದೆಯೇ? ಕ್ಯಾಂಪ್‌ಫೈರ್ ಮುಗಿಸಿ ಒಂಬತ್ತೂವರೆಗೆ ಬಡಿಸುವ ಕಡೆ ಮಕ್ಕಳು ಹಸಿದುಕೊಂಡೇ ಮಲಗುತ್ತಾರೆ. ಖಾರ ಹಾಕದ ಒಂದು ಸಾರು, ಅನ್ನ, ಮೊಸರು ಸಿಕ್ಕರೆ ಸಾಕು ಎಂದು ಮೊದಲೇ ಹೇಳಿಬಿಡಿ. ಬೆಳಗಿನ ಅಕ್ಕಿರೊಟ್ಟಿ, ಕಡುಬಿನ ಬಗ್ಗೆ ಯಾರದೂ ತಕರಾರಿರುವುದಿಲ್ಲ.

ಕೇಳಲೇಬೇಕಾದ, ಆದರೆ ಯಾರೂ ಕೇಳದ ಪ್ರಶ್ನೆ ತೋಟದ ಕೆರೆಯದು. ಕಾಫಿ ತೋಟಗಳಲ್ಲಿ ನೀರು ಹಾಯಿಸಲು ತೋಡಿದ ಹೊಂಡಗಳಿರುತ್ತವೆ. ಅಂಚು ಕಡಿದಾಗಿರುತ್ತದೆ, ಎಷ್ಟೋ ಕಡೆ ಪ್ಲಾಸ್ಟಿಕ್ ಹಾಳೆ ಹಾಸಿರುತ್ತಾರೆ. ಆ ಹಾಳೆಯ ಮೇಲೆ ಜಾರಿದರೆ ದೊಡ್ಡವರಿಗೂ ಹಿಡಿತ ಸಿಗುವುದಿಲ್ಲ. ಬೇಲಿ ಇಲ್ಲವೆಂದರೆ ಬೇರೆ ಮನೆ ನೋಡಿ. ಆಲ್ದೂರು, ಮೂಡಿಗೆರೆ ಕಡೆಯಾದರೆ ಆನೆ ಓಡಾಟ ಇದೆಯೇ ಎಂದೂ ವಿಚಾರಿಸಿ. ಇದ್ದರೆ ಸಂಜೆ ಆರರ ಮೇಲೆ ಅಂಗಳ ದಾಟುವ ಹಾಗಿಲ್ಲ.

ಮೊದಲ ದಿನ

ಬೆಂಗಳೂರಿನಿಂದ ಕುಣಿಗಲ್, ಹಾಸನ, ಬೇಲೂರು ಮಾರ್ಗವಾಗಿ ಸುಮಾರು 245 ಕಿ.ಮೀ. ನಿಲ್ಲುತ್ತಾ ಹೋದರೆ ಆರು ಗಂಟೆ ಹಿಡಿಯಿರಿ. ಬೆಳಿಗ್ಗೆ ಆರಕ್ಕೆ ಹೊರಟರೆ ಹನ್ನೊಂದರ ಹೊತ್ತಿಗೆ ಬೇಲೂರು. 1117ರ ಚೆನ್ನಕೇಶವ ದೇವಾಲಯ ಮಕ್ಕಳಿಗೆ ಮುಕ್ಕಾಲು ಗಂಟೆ ಸಾಕು. ಗೋಡೆಯ ತಳದ ಆನೆಗಳ ಸಾಲು ಸರಿಯಾಗಿ ಅವರ ಕಣ್ಣಿನ ಮಟ್ಟಕ್ಕೇ ಇದೆ. ಚಪ್ಪಲಿ ಹೊರಗೆ ಬಿಡಬೇಕು, ಬಿಸಿಲೇರಿದ ಮೇಲೆ ಹಾಸುಗಲ್ಲು ಕಾದ ಕಾವಲಿ. ದಪ್ಪ ಸಾಕ್ಸ್ ಕೈಗೆ ಸಿಗುವಂತೆ ಇಟ್ಟುಕೊಳ್ಳಿ. ಹಳೇಬೀಡನ್ನು ಇದೇ ದಿನಕ್ಕೆ ತುರುಕಬೇಡಿ.

ಕಾರು ಬೇಡವೆಂದರೆ ಕಡೂರಿಗೆ ರೈಲಿದೆ, ಅಲ್ಲಿಂದ ಚಿಕ್ಕಮಗಳೂರು 40 ಕಿ.ಮೀ. ಪ್ರಯಾಣದಲ್ಲಿ ವಾಂತಿ ಮಾಡುವ ಮಕ್ಕಳಿಗೆ ಇದೇ ಮೇಲು.

ವಾಂತಿ ಮತ್ತು ತಿರುವು

ಕಣ್ಣು ಮೊಬೈಲ್ ಪರದೆಯ ಮೇಲೆ, ಒಳಕಿವಿಗೆ ಮಾತ್ರ ತಿರುವಿನ ತೊಯ್ದಾಟ. ಇವೆರಡು ಹೇಳುವುದು ಹೊಂದದಿದ್ದಾಗ ಹೊಟ್ಟೆ ತೊಳಸುತ್ತದೆ. ಎರಡರಿಂದ ಹನ್ನೆರಡು ವರ್ಷದವರಲ್ಲಿ ಇದು ಹೆಚ್ಚು. ಘಾಟಿಯಲ್ಲಿ ಮೊಬೈಲ್, ಪುಸ್ತಕ ಎರಡೂ ಬಂದ್. ಹಿಂದಿನ ಸೀಟಿನಲ್ಲಿ ಮುಂದಿನ ರಸ್ತೆ ಕಾಣುವಂತೆ ಕೂರಿಸಿ, ಕಿಟಕಿ ಸ್ವಲ್ಪ ತೆರೆದಿಡಿ. ಹೊರಡುವ ಮುನ್ನ ಲೋಟದ ತುಂಬ ಹಾಲು ಕುಡಿಸಬೇಡಿ. ಬರಿಹೊಟ್ಟೆಯೂ ಒಳ್ಳೆಯದಲ್ಲ, ಎರಡು ಇಡ್ಲಿ ಸಾಕು. ಮಾತ್ರೆ ಕೊಡುವುದಿದ್ದರೆ ಮಗುವಿನ ತೂಕ ಹೇಳಿ ವೈದ್ಯರಿಂದ ಮೊದಲೇ ಬರೆಸಿಕೊಳ್ಳಿ. ಇದಕ್ಕೆ ಬಳಸುವ ಪ್ರೊಮೆಥಜೀನ್ ಅನ್ನು ಎರಡು ವರ್ಷದೊಳಗಿನವರಿಗೆ ಕೊಡುವಂತಿಲ್ಲ. ಯಾವ ಮಾತ್ರೆಯಾದರೂ ವಾಂತಿ ಶುರುವಾದ ಮೇಲೆ ನುಂಗಿಸಿದರೆ ಅದೂ ಹೊರಗೆ ಬರುತ್ತದೆ.

ಅರ್ಧ ಕಾಯಿಲೆ ಡ್ರೈವರ್ ಕೈಯಲ್ಲೇ ಇದೆ. ತಿರುವಿಗೆ ಮುಂಚೆ ವೇಗ ಇಳಿಸಿ, ತಿರುವಿನೊಳಗೆ ಬ್ರೇಕ್ ಒತ್ತಬೇಡಿ. ಇಳಿಯುವಾಗ ಎರಡನೇ ಗೇರಿನಲ್ಲೇ ಇರಲಿ. ಉದ್ದಕ್ಕೂ ಬ್ರೇಕ್ ಮೇಲೆ ಕಾಲಿಟ್ಟರೆ ಅದು ಕಾದು ಹಿಡಿತ ಬಿಡುತ್ತದೆ, ಸುಟ್ಟ ವಾಸನೆ ಬಂದರೆ ಪಕ್ಕಕ್ಕೆ ನಿಲ್ಲಿಸಿ ಆರಲು ಬಿಡಿ. ಕಿರಿದಾದ ಕಡೆ ಮೇಲೇರುವ ವಾಹನಕ್ಕೆ ಇಳಿಯುವವರು ದಾರಿ ಬಿಡಬೇಕು.

ಗಿರಿಯ ದಿನ

ಪೆಟ್ರೋಲ್ ಹಿಂದಿನ ಸಂಜೆಯೇ ಊರಿನಲ್ಲಿ ತುಂಬಿಸಿ. ಬೆಳಿಗ್ಗೆ ಎಲ್ಲರೂ ಶೌಚಾಲಯ ಮುಗಿಸಿಕೊಂಡೇ ಹತ್ತಿ, ಮೇಲೆ ಸೌಕರ್ಯ ಕಡಿಮೆ. ಕೈಮರ ಚೆಕ್‌ಪೋಸ್ಟ್ ದಾಟಿ, ಮುಳ್ಳಯ್ಯನಗಿರಿಯ ಮೆಟ್ಟಿಲ ಬುಡದಲ್ಲಿ ಎಂಟರೊಳಗೆ ಇರಬೇಕು. ಸೀತಾಳಯ್ಯನಗಿರಿಯಿಂದ ಮುಂದಕ್ಕೆ ರಸ್ತೆ ಇನ್ನೂ ಕಿರಿದು. ಭಾನುವಾರ ಹತ್ತರ ಮೇಲೆ ಅಲ್ಲಿ ಸಿಕ್ಕಿಕೊಂಡರೆ ಹಿಂದಕ್ಕೂ ಬರಲಾಗದು.

ಮುಳ್ಳಯ್ಯನಗಿರಿ ರಾಜ್ಯದ ಅತಿ ಎತ್ತರದ ಶಿಖರ, ಸುಮಾರು 1,930 ಮೀಟರ್. ನೂರು ಮೀಟರ್ ಏರಿದರೆ ಹೆಚ್ಚುಕಡಿಮೆ 0.6 ಡಿಗ್ರಿ ತಂಪು ಎಂಬ ಲೆಕ್ಕದಲ್ಲಿ ಬೆಂಗಳೂರಿಗಿಂತ ಆರು ಡಿಗ್ರಿ ಕಡಿಮೆ, ಗಾಳಿಯ ಹೊಡೆತ ಅದರ ಮೇಲೆ. ಒಂದು ದಪ್ಪ ಸ್ವೆಟರಿಗಿಂತ ಬನಿಯನ್, ತೆಳು ಸ್ವೆಟರ್, ಗಾಳಿ ತಡೆಯುವ ಜರ್ಕಿನ್ ಮೂರನ್ನೂ ಒಂದರ ಮೇಲೊಂದು ಹಾಕಿ. ಹತ್ತುವಾಗ ಬೆವರಿದರೆ ಒಂದು ತೆಗೆಯಿರಿ, ಬೆವರಿದ ಮೈಗೆ ಮೇಲಿನ ಗಾಳಿ ತಾಗಿದರೆ ನಡುಕ ಶುರು. ಜೀನ್ಸ್ ಬೇಡ, ನೆನೆದರೆ ಸಂಜೆಯಾದರೂ ಒಣಗದು. ಕೊಡೆ ಗಾಳಿಗೆ ಮಗುಚಿಕೊಳ್ಳುತ್ತದೆ, ರೇನ್‌ಕೋಟ್ ಇರಲಿ.

ಕಾರು ನಿಲ್ಲಿಸಿದಲ್ಲಿಂದ ದೇವಸ್ಥಾನದವರೆಗೆ ಕೆಲವು ನೂರು ಮೆಟ್ಟಿಲು. ದೊಡ್ಡವರಿಗೆ ಇಪ್ಪತ್ತು ನಿಮಿಷವಾದರೆ ಐದು ವರ್ಷದವರ ಜೊತೆ ಮುಕ್ಕಾಲು ಗಂಟೆ. ಐವತ್ತು ಮೆಟ್ಟಿಲಿಗೊಮ್ಮೆ ನಿಂತು ಎರಡು ಗುಟುಕು ನೀರು, ಒಂದು ತುಂಡು ಚಿಕ್ಕಿ. ಒಬ್ಬರು ಮುಂದೆ, ಒಬ್ಬರು ಹಿಂದೆ, ಮಕ್ಕಳು ಬೆಟ್ಟದ ಗೋಡೆಯ ಬದಿಗೆ. ಇಳಿಯುವಾಗಲೇ ಓಡಲು ಶುರುಮಾಡುತ್ತಾರೆ, ಮೊಣಕಾಲು ಒಡೆಯುವುದು ಆಗಲೇ. ಶಿಖರಕ್ಕೆ ಹತ್ತುವ ಸರ್ಪದಾರಿ ಎಂಬ ಕಾಲುಹಾದಿಯ ನಡಿಗೆ ಹತ್ತು ದಾಟಿದವರಿಗೆ ಬಿಡಿ. ಮಂಜು ಕವಿದು ಹತ್ತು ಹೆಜ್ಜೆ ಮುಂದಿನದು ಕಾಣದಿದ್ದರೆ ಅಲ್ಲಿಂದಲೇ ಇಳಿಯಿರಿ, ಶಿಖರ ಎಲ್ಲಿಗೂ ಹೋಗುವುದಿಲ್ಲ.

ಬುತ್ತಿಗೆ ಚಪಾತಿ-ಚಟ್ನಿಪುಡಿ, ಬಾಳೆಹಣ್ಣು, ಮೊಸರನ್ನ. ಮೊಸರನ್ನಕ್ಕೆ ಹಾಲು ಜಾಸ್ತಿ, ಮೊಸರು ಒಂದೆರಡು ಚಮಚ ಮಾತ್ರ ಹಾಕಿ ಕಲಸಿದರೆ ಮಧ್ಯಾಹ್ನಕ್ಕೆ ಹದವಾಗಿರುತ್ತದೆ. ನೀರು ತಲೆಗೆ ಒಂದು ಲೀಟರ್. ಮಧ್ಯಾಹ್ನದ ಮೇಲೆ ಏನೂ ಬೇಡ, ಮಕ್ಕಳು ತೋಟದಲ್ಲಿ ಆಡಲಿ.

ಕೆಮ್ಮಣ್ಣುಗುಂಡಿ ನೋಡಲೇಬೇಕೆಂದರೆ ಗಿರಿಯ ಬದಲು ಅದನ್ನು ಆರಿಸಿ, ಲಿಂಗದಹಳ್ಳಿ ಕಡೆಯಿಂದ ಹೋಗಿ. ಅಲ್ಲಿನ ವ್ಯೂ ಪಾಯಿಂಟ್ ಆದ ಜೆಡ್ ಪಾಯಿಂಟ್‌ನ ಕಾಲುದಾರಿಯ ಅಂಚು ಚಿಕ್ಕವರಿಗೆ ಅಪಾಯ. ತೋಟಗಾರಿಕೆ ಇಲಾಖೆಯ ಉದ್ಯಾನ ಮತ್ತು ದಾರಿಯಲ್ಲಿ ಸಿಗುವ ಕಲ್ಲತ್ತಿಗಿರಿ ಜಲಪಾತ ಸಾಕು. ಪಾಚಿ ಕಟ್ಟಿದ ಬಂಡೆಯ ಮೇಲೆ ಮಾತ್ರ ಬಿಡಬೇಡಿ.

ಉಂಬಳ, ಉಣುಗು

ಮಳೆಯ ತೇವ ಇರುವವರೆಗೂ ಉಂಬಳ, ಅಂದರೆ ಜಿಗಣೆ, ಇರುತ್ತದೆ. ಕಚ್ಚಿದ್ದು ನೋಯುವುದಿಲ್ಲ, ರಕ್ತ ಹೆಪ್ಪುಗಟ್ಟದಂತೆ ಮಾಡುವ ರಸ ಬಿಡುವುದರಿಂದ ಉದುರಿದ ಮೇಲೂ ಸೋರುತ್ತದೆ. ಮಕ್ಕಳು ಹೆದರುವುದು ಆ ರಕ್ತಕ್ಕೇ, ಹಾಗಾಗಿ ಮೊದಲೇ ಹೇಳಿಟ್ಟಿರಿ. ಪ್ಯಾಂಟನ್ನು ಸಾಕ್ಸಿನೊಳಗೆ ಸಿಕ್ಕಿಸಿ, ಸಾಕ್ಸಿಗೆ ಉಪ್ಪುನೀರು ಅಥವಾ ನಶ್ಯ ಸವರಿ. ಹತ್ತಿದ್ದನ್ನು ಕಿತ್ತೆಳೆಯಬೇಡಿ. ಸಣ್ಣ ತುದಿಯ ಬಳಿ ಉಗುರು ತೂರಿಸಿ ಪಕ್ಕಕ್ಕೆ ಜಾರಿಸಿ, ಸೋಪಿನಿಂದ ತೊಳೆದು ಬಟ್ಟೆ ಒತ್ತಿ ಹಿಡಿಯಿರಿ.

ಉಣುಗಿನ, ಅಂದರೆ ಉಣ್ಣೆ ಹುಳುವಿನ, ವಿಷಯ ಬೇರೆ. ಮುಖ್ಯವಾಗಿ ಡಿಸೆಂಬರ್‌ನಿಂದ ಮೇವರೆಗೆ, ಕೊಪ್ಪ, ನರಸಿಂಹರಾಜಪುರ ಕಡೆಯ ಕಾಡಂಚಿನಲ್ಲಿ ಮಂಗನ ಕಾಯಿಲೆ ಎಂಬ ಜ್ವರ ಹರಡುವುದು ಇದರಿಂದಲೇ. ತರಗೆಲೆಯ ಮೇಲೆ ಮಕ್ಕಳನ್ನು ಕೂರಿಸಬೇಡಿ, ಸತ್ತ ಮಂಗ ಕಂಡ ಕಡೆ ನಿಲ್ಲಬೇಡಿ. ಸಂಜೆ ಬಿಸಿನೀರಿನ ಸ್ನಾನ ಮಾಡಿಸುವಾಗ ಕಂಕುಳು, ಕಿವಿಯ ಹಿಂದೆ, ತೊಡೆಸಂದು ನೋಡಿ.

ವಾಪಸ್

ಬಂದ ದಾರಿಯಲ್ಲೇ ಹಿಂತಿರುಗದೆ ಕಡೂರಿನ ಕಡೆ ಹೊರಡಿ. ಸಖರಾಯಪಟ್ಟಣದ ಹತ್ತಿರ ಅಯ್ಯನಕೆರೆಯ ಏರಿಯ ಮೇಲೆ ಒಂದು ಗಂಟೆ ಕಳೆದರೆ ಎಲ್ಲರ ಕೈಕಾಲು ಸಡಿಲಾಗುತ್ತದೆ. ನೀರಿಗೆ ಇಳಿಸಬೇಡಿ, ತೂಬಿನ ಬಳಿಗಂತೂ ಬೇಡವೇ ಬೇಡ. ಅಲ್ಲಿಂದ ಕಡೂರು, ಅರಸೀಕೆರೆ, ತಿಪಟೂರು, ತುಮಕೂರು ಮಾರ್ಗದಲ್ಲಿ ಘಾಟಿಯೇ ಇಲ್ಲ.

ಮನೆ ಸೇರಿದ ಹತ್ತು ದಿನದೊಳಗೆ ಮಗುವಿಗೆ ತಲೆನೋವು, ಮೈಕೈ ನೋವಿನೊಡನೆ ಜೋರು ಜ್ವರ ಬಂದರೆ, ಮಲೆನಾಡಿಗೆ ಹೋಗಿಬಂದಿದ್ದೇವೆ ಎಂದು ವೈದ್ಯರಿಗೆ ಮೊದಲು ಹೇಳಿ.