ಮೊಡವೆಗೆ ಆ್ಯಂಟಿಬಯಾಟಿಕ್ ಜೆಲ್ ಬರೆದಿದ್ದಾರಾ? ಹಚ್ಚುವ ಮುಂಚೆ ಇಷ್ಟು ತಿಳಿದುಕೊಳ್ಳಿ

ಹೋದ ತಿಂಗಳು ಅಕ್ಕನ ಮಗಳು ಫೋನ್ ಮಾಡಿದ್ದಳು. ಸೆಕೆಂಡ್ ಪಿಯುಸಿ ಓದುತ್ತಿದ್ದಾಳೆ, ಕೆನ್ನೆ ತುಂಬ ಮೊಡವೆ. "ಚಿಕ್ಕಮ್ಮ, ಡಾಕ್ಟರ್ ಎರಡು ಟ್ಯೂಬ್ ಬರೆದಿದ್ದಾರೆ. ಒಂದು ಹಚ್ಚಿದರೆ ಉರಿಯುತ್ತೆ. ಅದನ್ನು ಬಿಟ್ಟು ಇನ್ನೊಂದು ಮಾತ್ರ ಹಚ್ಕೊಳ್ತಿದೀನಿ, ಸಾಕಲ್ವಾ?" ಎಂದಳು. ಬಿಟ್ಟಿದ್ದು ಬೆಂಜಾಯಿಲ್ ಪೆರಾಕ್ಸೈಡ್, ಇಟ್ಟುಕೊಂಡಿದ್ದು ಕ್ಲಿಂಡಾಮೈಸಿನ್ ಎಂಬ ಆ್ಯಂಟಿಬಯಾಟಿಕ್ ಜೆಲ್. ನನಗೆ ಎದೆ ಧಸಕ್ಕೆಂದಿತು. ಇದೇ ತಪ್ಪನ್ನು ಅವಳ ವಯಸ್ಸಿನಲ್ಲಿ ನಾನೂ ಮಾಡಿದ್ದೆ.

ಆಗ ಹಾಸ್ಟೆಲ್ ಗೆಳತಿಯ ಟ್ಯೂಬಿನ ಹೆಸರು ಬರೆದುಕೊಂಡು ಹೋಗಿ ಮೆಡಿಕಲ್ ಶಾಪಿನಲ್ಲಿ ಕ್ಲಿಂಡಾಮೈಸಿನ್ ಕೊಂಡಿದ್ದೆ. ಯಾರೂ ಚೀಟಿ ಕೇಳಲಿಲ್ಲ. ಮೊದಲ ತಿಂಗಳು ಮುಖ ತಿಳಿಯಾಯಿತು, ಖುಷಿಯಾಯಿತು. ಟ್ಯೂಬ್ ಮುಗಿದ ಹಾಗೆಲ್ಲ ಇನ್ನೊಂದು ತಂದೆ, ಹೀಗೇ ಹತ್ತು ತಿಂಗಳು. ಐದನೇ ತಿಂಗಳಿಗೆಲ್ಲ ಮೊಡವೆ ವಾಪಸ್ ಬಂದಿತ್ತು, ನಾನು ದಿನಕ್ಕೆ ಎರಡು ಸಲದ ಬದಲು ನಾಲ್ಕು ಸಲ ಹಚ್ಚುತ್ತಿದ್ದೆ. ಕೊನೆಗೆ ಚರ್ಮದ ಡಾಕ್ಟರ್ ಹತ್ತಿರ ಹೋದಾಗ ಅವರು ಕೇಳಿದ ಮೊದಲ ಪ್ರಶ್ನೆಯೇ "ಇದನ್ನು ಒಂದನ್ನೇ ಎಷ್ಟು ದಿನದಿಂದ ಹಚ್ಚುತ್ತಿದ್ದೀರಿ?" ಅಂತ.

ಆ "ಒಂದನ್ನೇ" ಅನ್ನುವುದರಲ್ಲೇ ಎಲ್ಲ ಇದೆ.

ಮೊಡವೆ ಆಗಲು ನಾಲ್ಕು ಕಾರಣ ಸೇರಬೇಕು. ಚರ್ಮದಲ್ಲಿ ಎಣ್ಣೆ ಜಾಸ್ತಿ ಒಸರಬೇಕು, ರಂಧ್ರದ ಬಾಯಿ ಕಟ್ಟಿಕೊಳ್ಳಬೇಕು, ಒಳಗೆ ಬ್ಯಾಕ್ಟೀರಿಯಾ ಹೆಚ್ಚಬೇಕು, ಆಮೇಲೆ ಅದು ಕೆಂಪಗೆ ಊದಿಕೊಳ್ಳಬೇಕು. ಆ್ಯಂಟಿಬಯಾಟಿಕ್ ಜೆಲ್ ಕೆಲಸ ಮಾಡುವುದು ಕೊನೆಯ ಎರಡರ ಮೇಲೆ ಮಾತ್ರ. ಹಾಗಾಗಿ ಕೆಂಪು ಗುಳ್ಳೆ, ಕೀವಿನ ಗುಳ್ಳೆ ಇಳಿಯುತ್ತವೆ, ಮೂಗಿನ ಮೇಲಿನ ಬ್ಲ್ಯಾಕ್‌ಹೆಡ್‌ಗೆ ಅಷ್ಟಾಗಿ ಏನೂ ಆಗುವುದಿಲ್ಲ. ಆ ಬ್ಯಾಕ್ಟೀರಿಯಾದ ಹೆಸರು ಕ್ಯುಟಿಬ್ಯಾಕ್ಟೀರಿಯಂ ಆಕ್ನೀಸ್. ಬರೀ ಕ್ಲಿಂಡಾಮೈಸಿನ್ ಹಚ್ಚುತ್ತಾ ಹೋದರೆ ಮೆತ್ತಗಿನವು ಸಾಯುತ್ತವೆ, ಔಷಧಿಗೆ ಜಗ್ಗದವು ಉಳಿದು ಹೆಚ್ಚುತ್ತವೆ. ಅಷ್ಟೇ ಅಲ್ಲ, ಹೀಗೆ ಜಗ್ಗದ ಬ್ಯಾಕ್ಟೀರಿಯಾ ಜೊತೆಗೆ ಇರುವ ಮನೆಯವರ ಚರ್ಮದ ಮೇಲೂ ಸಿಕ್ಕಿದೆ. ಎರಿಥ್ರೋಮೈಸಿನ್ ಒಂದು ಕಾಲಕ್ಕೆ ಎಲ್ಲರೂ ಹಚ್ಚುತ್ತಿದ್ದ ಇನ್ನೊಂದು ಆ್ಯಂಟಿಬಯಾಟಿಕ್, ಈ ಕಾರಣಕ್ಕೇ ಈಗ ಅದರ ಬಲ ಕುಗ್ಗಿದೆ.

ಬೆಂಜಾಯಿಲ್ ಪೆರಾಕ್ಸೈಡ್ ಆ್ಯಂಟಿಬಯಾಟಿಕ್ ಅಲ್ಲ. ಅದು ರಂಧ್ರದೊಳಗೆ ಆಕ್ಸಿಜನ್ ಬಿಟ್ಟು ಬ್ಯಾಕ್ಟೀರಿಯಾ ಕೊಲ್ಲುತ್ತದೆ, ಆ ಏಟಿಗೆ ಒಗ್ಗಿಕೊಂಡ ಬ್ಯಾಕ್ಟೀರಿಯಾ ಇವತ್ತಿನವರೆಗೂ ಕಂಡಿಲ್ಲ. ಎರಡನ್ನೂ ಜೋಡಿಯಾಗಿ ಕೊಡುವುದು ಅದಕ್ಕೇ. ಆ್ಯಂಟಿಬಯಾಟಿಕ್ ಜೆಲ್ ಒಂಟಿಯಾಗಿ ಬೇಡ ಎಂದು ಬ್ರಿಟನ್ನಿನ 2021ರ ಮಾರ್ಗಸೂಚಿಯೂ ಹೇಳುತ್ತದೆ, ಅಮೆರಿಕದ ಚರ್ಮ ವೈದ್ಯರ ಸಂಘದ 2024ರ ಮಾರ್ಗಸೂಚಿಯೂ ಹೇಳುತ್ತದೆ. ನಿಮ್ಮ ಚೀಟಿಯಲ್ಲಿ ಕ್ಲಿಂಡಾಮೈಸಿನ್ ಒಂದೇ ಇದ್ದರೆ, "ಇದರ ಜೊತೆಗೆ ಬೆಂಜಾಯಿಲ್ ಪೆರಾಕ್ಸೈಡ್ ಬೇಡವಾ ಡಾಕ್ಟ್ರೇ?" ಎಂದು ಕೇಳಿ. ಕೇಳಿದರೆ ತಪ್ಪೇನೂ ಇಲ್ಲ.

ಟ್ಯೂಬ್ ಕೈಗೆ ಬಂದ ಕೂಡಲೇ ಬ್ರ್ಯಾಂಡ್ ಹೆಸರಿನ ಕೆಳಗೆ ಸಣ್ಣ ಅಕ್ಷರದಲ್ಲಿ ಇರುವುದನ್ನು ಓದಿ. ಕ್ಲಿಂಡಾಮೈಸಿನ್ ಸಾಮಾನ್ಯವಾಗಿ 1%. ಅದರ ಜೊತೆ ಬೆಂಜಾಯಿಲ್ ಪೆರಾಕ್ಸೈಡ್ 2.5% ಅಥವಾ 5% ಸೇರಿಸಿದ ಟ್ಯೂಬ್ ಬರುತ್ತದೆ, ರಂಧ್ರ ಕಟ್ಟಿಕೊಳ್ಳದಂತೆ ನೋಡಿಕೊಳ್ಳುವ ಅಡಾಪಲೀನ್ ಸೇರಿಸಿದ್ದೂ, ಕೆಂಪು ಊತ ಇಳಿಸುವ ನಿಕೋಟಿನಮೈಡ್ ಸೇರಿಸಿದ್ದೂ ಬರುತ್ತದೆ. ಹೆಸರು ಒಂದೇ ಥರ ಇದ್ದು ಒಳಗಿನ ಔಷಧಿ ಬೇರೆ ಇರಬಹುದು, ಅಂಗಡಿಯವರು "ಅದೇ ಇದು" ಎಂದರೂ ಚೀಟಿ ಜೊತೆ ಹೋಲಿಸಿ ನೋಡಿ.

ಇನ್ನು ಬೀಟಾಮೆಥಾಸೋನ್, ಕ್ಲೋಬೆಟಾಸಾಲ್, ಮೊಮೆಟಾಸೋನ್ ಎಂದು ಇದ್ದರೆ ಅದು ಸ್ಟಿರಾಯ್ಡ್. ಮೊಡವೆಗೆ ಎಂದು ಯಾರಾದರೂ ಕೊಟ್ಟರೆ ಮುಖಕ್ಕೆ ಮುಟ್ಟಿಸಲೇಬೇಡಿ. ನಾಲ್ಕು ದಿನ ಮುಖ ಬೆಳ್ಳಗೆ, ನುಣ್ಣಗೆ ಕಾಣುತ್ತದೆ. ಆಮೇಲೆ ಚರ್ಮ ತೆಳ್ಳಗಾಗಿ, ಕೆಂಪಾಗಿ, ಹಚ್ಚುವುದು ಬಿಟ್ಟ ತಕ್ಷಣ ಮೊದಲಿಗಿಂತ ಜಾಸ್ತಿ ಗುಳ್ಳೆ ಏಳುತ್ತವೆ. 2018ರಲ್ಲಿ ಕೇಂದ್ರ ಸರ್ಕಾರ ಸ್ಟಿರಾಯ್ಡ್ ಕ್ರೀಮುಗಳನ್ನು ಚೀಟಿ ಇಲ್ಲದೆ ಮಾರಬಾರದ ಶೆಡ್ಯೂಲ್ ಎಚ್ ಪಟ್ಟಿಗೆ ಸೇರಿಸಿತು. ಆದರೂ ಫೇರ್‌ನೆಸ್ ಕ್ರೀಮ್ ಎಂದುಕೊಂಡು ಹಚ್ಚುವವರು ನಮ್ಮ ಸುತ್ತಲೇ ಇದ್ದಾರೆ.

ಹಚ್ಚುವ ವಿಷಯಕ್ಕೆ ಬರೋಣ. ಸೌಮ್ಯವಾದ ಫೇಸ್‌ವಾಷ್‌ನಿಂದ ಮುಖ ತೊಳೆಯಿರಿ, ಉಜ್ಜಬೇಡಿ. ಟವೆಲ್ ಒತ್ತಿ ಒರೆಸಿ, ಪೂರ್ತಿ ಒಣಗಲು ಬಿಡಿ, ಒದ್ದೆ ಚರ್ಮದ ಮೇಲೆ ಜೆಲ್ ಹೆಚ್ಚು ಉರಿಯುತ್ತದೆ. ಶೇವ್ ಮಾಡಿದ್ದರೆ ಅರ್ಧ ಗಂಟೆ ಕಾಯಿರಿ. ಬಟಾಣಿ ಕಾಳಿನಷ್ಟು ಜೆಲ್ ಬೆರಳ ತುದಿಗೆ ತೆಗೆದುಕೊಂಡು ಹಣೆ, ಎರಡು ಕೆನ್ನೆ, ಮೂಗು, ಗಲ್ಲಕ್ಕೆ ಚುಕ್ಕಿ ಇಟ್ಟು ತೆಳ್ಳಗೆ ಹರಡಿ. ನಾನು ಮಾಡುತ್ತಿದ್ದ ಹಾಗೆ ಒಂದೊಂದು ಮೊಡವೆಗೂ ಬೊಟ್ಟು ಇಡುವುದಲ್ಲ. ಇವತ್ತು ಕಾಣುವ ಮೊಡವೆಯ ಪಕ್ಕದಲ್ಲೇ ಮುಂದಿನ ವಾರದ ಮೊಡವೆ ಕಾಣದಂತೆ ಕೂತಿರುತ್ತದೆ, ಅದಕ್ಕೇ ಮೊಡವೆ ಏಳುವ ಜಾಗಕ್ಕೆಲ್ಲ ಹಚ್ಚಬೇಕು. ಕಣ್ಣಿನ ಸುತ್ತ, ಮೂಗಿನ ಮೂಲೆ, ತುಟಿ ಬಿಟ್ಟುಬಿಡಿ. ಬಿಳಿ ಪದರ ಕಾಣುವಷ್ಟು ಬಳಿದರೆ ಗುಣ ಬೇಗ ಆಗುವುದಿಲ್ಲ, ಸಿಪ್ಪೆ ಏಳುತ್ತದೆ ಅಷ್ಟೇ.

ಎರಡು ಟ್ಯೂಬ್ ಇದ್ದರೆ ಡಾಕ್ಟರ್ ಹೇಳಿದ ಹೊತ್ತಿಗೆ ಹಚ್ಚಿ, ಸಾಮಾನ್ಯವಾಗಿ ಒಂದು ಬೆಳಿಗ್ಗೆ, ಒಂದು ರಾತ್ರಿ ಎಂದು ಬರೆಯುತ್ತಾರೆ. ಅಡಾಪಲೀನ್ ಜಾತಿಯದೇ ಆದ ಟ್ರೆಟಿನಾಯಿನ್ ಕ್ರೀಮ್ ಕೂಡ ಇದ್ದರೆ ಅದನ್ನೂ ಬೆಂಜಾಯಿಲ್ ಪೆರಾಕ್ಸೈಡನ್ನೂ ಒಂದೇ ಹೊತ್ತಿಗೆ ಹಚ್ಚಬೇಡಿ, ಟ್ರೆಟಿನಾಯಿನ್ ಕೆಡುತ್ತದೆ. ಎರಿಥ್ರೋಮೈಸಿನ್ನನ್ನೂ ಕ್ಲಿಂಡಾಮೈಸಿನ್ನನ್ನೂ ಜೊತೆಗೆ ಹಚ್ಚುವಂತಿಲ್ಲ.

ಉರಿಗೆ ಏನು ಮಾಡೋದು? ಅಕ್ಕನ ಮಗಳಿಗೆ ನಾನು ಹೇಳಿದ್ದು ಇಷ್ಟೇ: ಡಾಕ್ಟರಿಗೆ ಫೋನ್ ಮಾಡಿ ಉರಿಯುತ್ತಿದೆ ಎನ್ನು, ಸುಮ್ನೆ ಬಿಟ್ಟುಬಿಡಬೇಡ. ಅವರು 5% ಬದಲು 2.5% ಕೊಟ್ಟರು. ಮೊದಲ ಎರಡು ವಾರ ದಿನ ಬಿಟ್ಟು ದಿನ ಹಚ್ಚಿ, ಹತ್ತು ನಿಮಿಷ ಬಿಟ್ಟು ತೊಳೆಯಲು ಹೇಳಿದರು. ಜೆಲ್‌ಗೂ ಮುಂಚೆ ವಾಸನೆ ಇಲ್ಲದ ಮಾಯಿಶ್ಚರೈಸರ್ ಹಚ್ಚಲು ಹೇಳಿದರು. ಮೂರನೇ ವಾರಕ್ಕೆ ಉರಿ ನಿಂತಿತು. ಸ್ವಲ್ಪ ಒಣಗುವುದು, ಚುರುಚುರು ಅನ್ನುವುದು ಮಾಮೂಲಿ. ಮುಖ ಊದಿದರೆ, ದದ್ದು ಎದ್ದರೆ, ಉಸಿರು ಕಟ್ಟಿದರೆ ಹಾಗಲ್ಲ. ಹಚ್ಚುವುದು ನಿಲ್ಲಿಸಿ ಕೂಡಲೇ ಆಸ್ಪತ್ರೆಗೆ ಹೋಗಬೇಕು.

ಬಟ್ಟೆಯ ವಿಷಯ ಯಾರೂ ಮೊದಲೇ ಹೇಳುವುದಿಲ್ಲ. ಬೆಂಜಾಯಿಲ್ ಪೆರಾಕ್ಸೈಡ್ ಬಣ್ಣ ತಿನ್ನುತ್ತದೆ. ಅಕ್ಕನ ಮನೆಯ ಕಡುನೀಲಿ ದಿಂಬಿನ ಕವರಿನಲ್ಲಿ, ಅವಳ ಮಗಳು ಕೆನ್ನೆ ಇಟ್ಟು ಮಲಗುವ ಕಡೆ, ಅಂಗೈ ಅಗಲ ಕಿತ್ತಳೆ ಬಣ್ಣದ ಮಚ್ಚೆ ಬಿದ್ದಿದೆ. ಎಷ್ಟು ಒಗೆದರೂ ಹೋಗುವುದಿಲ್ಲ, ಅದು ಕಲೆಯಲ್ಲ, ಬಣ್ಣವೇ ಹೋಗಿರುವುದು. ಬಿಳಿ ಕವರ್, ಬಿಳಿ ಟವೆಲ್ ಇಟ್ಟುಕೊಳ್ಳಿ. ಹಚ್ಚಿದ ಕೈಯನ್ನು ತೊಳೆದ ಮೇಲೆಯೇ ಚೂಡಿದಾರ್ ಮುಟ್ಟಿ.

ತಲೆಗೆ ಎಣ್ಣೆ ಹಚ್ಚುವವರು ನಾವು. ಕೊಬ್ಬರಿ ಎಣ್ಣೆ ಹಣೆಗೆ ಇಳಿದರೆ ಕೂದಲಿನ ಅಂಚಿನಲ್ಲೇ ಸಣ್ಣ ಸಣ್ಣ ಗುಳ್ಳೆ ಏಳುತ್ತವೆ, ಆಗ ಜೆಲ್ ಎಷ್ಟು ಹಚ್ಚಿದರೂ ಹಣೆ ತಿಳಿಯಾಗುವುದಿಲ್ಲ. ಎಣ್ಣೆ ಬಿಡಲೇ ಆಗದಿದ್ದರೆ ಸ್ನಾನಕ್ಕೆ ಒಂದು ಗಂಟೆ ಮುಂಚೆ ಹಚ್ಚಿ ತೊಳೆದುಬಿಡಿ, ರಾತ್ರಿಯೆಲ್ಲ ಇಟ್ಟುಕೊಂಡು ಮಲಗಬೇಡಿ. ಚಿಕಿತ್ಸೆ ನಡೆಯುವಾಗ ಕಡಲೆಹಿಟ್ಟು ಉಜ್ಜುವುದು, ನಿಂಬೆಹಣ್ಣು, ಟೂತ್‌ಪೇಸ್ಟ್ ಇವೆಲ್ಲ ಬೇಡ. ಅಜ್ಜಿಗೆ ಬೇಜಾರಾಗಬಹುದು, ಮೆಲ್ಲಗೆ ಹೇಳಿ. ಮೊಡವೆ ಚಿವುಟಬೇಡಿ, ನಮ್ಮ ಚರ್ಮದಲ್ಲಿ ಕಪ್ಪು ಕಲೆ ತಿಂಗಳುಗಟ್ಟಲೆ ಕೂರುತ್ತದೆ. ಹೊರಗೆ ಹೋಗುವಾಗ ಸನ್‌ಸ್ಕ್ರೀನ್ ಹಚ್ಚಿ.

ಒಂದು ವಾರದಲ್ಲಿ ಏನೂ ಕಾಣುವುದಿಲ್ಲ. ನಾಲ್ಕರಿಂದ ಆರು ವಾರಕ್ಕೆ ಹೊಸ ಗುಳ್ಳೆ ಕಡಿಮೆಯಾಗತೊಡಗುತ್ತವೆ, ಪೂರ್ತಿ ಫಲ ಗೊತ್ತಾಗಲು ಎಂಟರಿಂದ ಹನ್ನೆರಡು ವಾರ ಬೇಕು. ಕನ್ನಡಿ ಮುಂದೆ ದಿನಾ ಎಣಿಸಿದರೆ ಬೇಸರವೇ ಬರುತ್ತದೆ. ವಾರಕ್ಕೊಂದು ಸಲ ಅದೇ ಕಿಟಕಿ ಬೆಳಕಿನಲ್ಲಿ ಫೋಟೋ ತೆಗೆದಿಡಿ. ಗುಳ್ಳೆಗಳೆಲ್ಲ ಒಂದೇ ಅಳತೆಯವು, ತುರಿಸುತ್ತವೆ, ಜೆಲ್ ಹಚ್ಚಿದಷ್ಟೂ ಹೆಚ್ಚುತ್ತಿವೆ ಎಂದರೆ ಅದು ಮೊಡವೆಯೇ ಅಲ್ಲದೆ ಫಂಗಸ್ ಇರಬಹುದು. ಆರು ವಾರ ಕಾಯದೆ ತೋರಿಸಿ.

ಕೆಲವು ವಿಷಯ ಡಾಕ್ಟರಿಗೆ ಮೊದಲೇ ಹೇಳಲೇಬೇಕು. ಕರುಳಿನ ಹುಣ್ಣಿನ ಕಾಯಿಲೆ ಇದ್ದರೆ, ಹಿಂದೆ ಆ್ಯಂಟಿಬಯಾಟಿಕ್ ತಿಂದು ಜೋರು ಭೇದಿ ಆಗಿದ್ದರೆ ಕ್ಲಿಂಡಾಮೈಸಿನ್ ಬೇಡ. ಹಚ್ಚುವಾಗಲೂ ಭೇದಿ ನಿಲ್ಲದಿದ್ದರೆ ಅಥವಾ ರಕ್ತ ಬಿದ್ದರೆ ಜೆಲ್ ನಿಲ್ಲಿಸಿ ತಕ್ಷಣ ತೋರಿಸಿ. ಹಚ್ಚುವ ಜೆಲ್‌ನಿಂದ ಇದು ತೀರಾ ಅಪರೂಪ, ಆದರೂ ಗೊತ್ತಿರಬೇಕು. ಬಸುರಿಯಾಗಿದ್ದರೆ, ಮಗುವಿಗೆ ಹಾಲು ಕುಡಿಸುತ್ತಿದ್ದರೆ ಅದನ್ನೂ ಹೇಳಿ. ಅಡಾಪಲೀನ್, ಟ್ರೆಟಿನಾಯಿನ್ ಬಸುರಿಯರಿಗೆ ಆಗುವುದಿಲ್ಲ.

ದೊಡ್ಡ ಕ್ಲಿನಿಕ್ಕಿನ ಫೀಸು ಕಷ್ಟವಾದರೆ ಸರ್ಕಾರಿ ಮೆಡಿಕಲ್ ಕಾಲೇಜು ಆಸ್ಪತ್ರೆಗಳಲ್ಲಿ ಚರ್ಮ ವಿಭಾಗ ಇರುತ್ತದೆ. ಬೆಂಗಳೂರಿನಲ್ಲಿ ಬೌರಿಂಗ್, ವಿಕ್ಟೋರಿಯಾ, ಮೈಸೂರಿನಲ್ಲಿ ಕೆ.ಆರ್. ಆಸ್ಪತ್ರೆ, ಹುಬ್ಬಳ್ಳಿಯಲ್ಲಿ ಕೆಎಂಸಿಆರ್‌ಐ (ಹಿಂದಿನ ಕಿಮ್ಸ್). ಬೆಳಿಗ್ಗೆ ಬೇಗ ಹೋಗಿ ಒಪಿಡಿ ಚೀಟಿ ಮಾಡಿಸಿದರಾಯಿತು.

ಮೂರು ತಿಂಗಳಾದ ಮೇಲೆ ಮುಖ ತಿಳಿಯಾಗಿದ್ದರೂ, ಆಗದಿದ್ದರೂ ಡಾಕ್ಟರ್ ಹತ್ತಿರ ವಾಪಸ್ ಹೋಗಿ. ಟ್ಯೂಬುಗಳನ್ನೂ ಫೋಟೋಗಳನ್ನೂ ತೆಗೆದುಕೊಂಡು ಹೋಗಿ. ಸಾಮಾನ್ಯವಾಗಿ ಆಗ ಆ್ಯಂಟಿಬಯಾಟಿಕ್ ನಿಲ್ಲಿಸಿ, ಅಡಾಪಲೀನ್ ಅಥವಾ ಬೆಂಜಾಯಿಲ್ ಪೆರಾಕ್ಸೈಡ್ ಮಾತ್ರ ಮುಂದುವರಿಸುತ್ತಾರೆ. ಉಳಿದ ಕ್ಲಿಂಡಾಮೈಸಿನ್ನನ್ನು ತಂಗಿಗೋ ಗೆಳತಿಗೋ ಕೊಡಬೇಡಿ. ಅಕ್ಕನ ಮಗಳ ತಾರೀಖು ದಸರಾ ರಜೆಯಲ್ಲಿ ಬಿದ್ದಿದೆ, ಅವಳ ಜೊತೆ ನಾನೇ ಹೋಗುತ್ತಿದ್ದೇನೆ.