ಹಳದಿ ಕೂಸಿನ ಸ್ಕ್ಯಾನ್: ಹಾಲಿನ ಲೆಕ್ಕದಿಂದ ಶುರು

ಹುಟ್ಟಿ ಎರಡು ವಾರ ಕಳೆದರೂ ಇಳಿಯದ ಕಾಮಾಲೆ, ಸುಣ್ಣದಂತೆ ಬಿಳಿಚಿದ ಮಲ, ಬಟ್ಟೆಗೆ ಹಳದಿ ಕಲೆ ಹಿಡಿಸುವ ಮೂತ್ರ. ಇಂಥ ಕೂಸು ನನ್ನ ಅಲ್ಟ್ರಾಸೌಂಡ್ ಸ್ಕ್ಯಾನ್ ಕೊಠಡಿಗೆ ಬಂದರೆ ತಾಯಿಗೆ ಮೊದಲ ಪ್ರಶ್ನೆ, "ಕೊನೆಯ ಸಲ ಹಾಲು ಕುಡಿಸಿದ್ದು ಎಷ್ಟು ಹೊತ್ತಿಗಮ್ಮಾ?" ಇದನ್ನು ನಾನು ಪೆಟ್ಟು ತಿಂದು ಕಲಿತೆ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಕೇಳದೆಯೇ ಹೊಟ್ಟೆಯ ಮೇಲೆ ಪ್ರೋಬ್ (ಸ್ಕ್ಯಾನ್ ಯಂತ್ರದ ಕೈಹಿಡಿ) ಇಟ್ಟು, "ಪಿತ್ತಕೋಶ ಕಾಣುತ್ತಿಲ್ಲ" ಎಂದು ಬರೆದುಬಿಟ್ಟಿದ್ದೆ. ಪಿತ್ತನಾಳ ಮುಚ್ಚಿಹೋಗುವ ಬಿಲಿಯರಿ ಅಟ್ರೀಸಿಯಾ ಎಂಬ ರೋಗದ ಸುಳಿವದು. ಮಗು ಹೊರಗಿನ ಬೆಂಚಿನ ಮೇಲೆ ಆಗಷ್ಟೇ ಹೊಟ್ಟೆತುಂಬ ಕುಡಿದಿತ್ತು. ಹಾಲು ಒಳಗಿಳಿದರೆ ಪಿತ್ತಕೋಶ ಹಿಂಡಿಕೊಂಡು ಬರಿದಾಗುತ್ತದೆ. ಮರುದಿನ ಹಸಿದ ಹೊಟ್ಟೆಯಲ್ಲಿ ನೋಡಿದರೆ ಅದು ಉದ್ದ ದ್ರಾಕ್ಷಿಯಂತೆ ತುಂಬಿಕೊಂಡಿತ್ತು. ನಡುವಿನ ರಾತ್ರಿ ಆ ಮನೆಯಲ್ಲಿ ಯಾರೂ ಮಲಗಿರಲಿಲ್ಲ.

ಹಾಗಾಗಿ ಮಕ್ಕಳ ವೈದ್ಯರೊಡನೆ ಮಾತನಾಡಿಕೊಂಡು ಮೂರು-ನಾಲ್ಕು ಗಂಟೆ ಹಾಲು ನಿಲ್ಲಿಸಿ, ಬೆಳಗಿನ ಮೊದಲ ಸರದಿ ಕೊಡಿ. ಜೆಲ್ ಬಾಟಲಿಯನ್ನು ಬೆಚ್ಚಗಿಡಿ. ತಣ್ಣಗೆ ತಾಗಿ ಕೂಸು ಅತ್ತರೆ ಅರ್ಧ ಗಂಟೆ ಹೋಯಿತು. ದೊಡ್ಡವರ ಹೊಟ್ಟೆಗೆ ಬಳಸುವ ಬಾಗಿದ ಪ್ರೋಬ್ ಸಾಲದು, ಹೆಚ್ಚು ಆವರ್ತನದ, ನೇರ ಮುಖದ ಲೀನಿಯರ್ ಪ್ರೋಬ್ ಬೇಕು.

ಪಿತ್ತಕೋಶವನ್ನು ಅಳೆಯಿರಿ, ಆದರೆ ಅಳತೆಗಿಂತ ಅದರ ಅಂಚಿಗೆ ಹೆಚ್ಚು ಹೊತ್ತು ಕೊಡಿ. ಉದ್ದ 1.9 ಸೆಂ.ಮೀ.ಗಿಂತ ಕಡಿಮೆ, ಅಂಚು ಅಂಕುಡೊಂಕು, ಒಳಪದರದ ಬಿಳಿ ಗೆರೆ ಮಸುಕು, ಈ ಮೂರೂ ಸೇರಿದರೆ ಬಿಲಿಯರಿ ಅಟ್ರೀಸಿಯಾದ ಅನುಮಾನ ಬಲವಾಗುತ್ತದೆ. ಮುಂದೆ ಕರುಳಿನ ರಕ್ತವನ್ನು ಯಕೃತ್ತಿಗೆ ತರುವ ಪೋರ್ಟಲ್ ಅಭಿಧಮನಿಯ ಬಲ ಕವಲಿನ ಮುಂಗೋಡೆಗೆ ಬನ್ನಿ. ಅಲ್ಲಿ 4 ಮಿ.ಮೀ.ಗಿಂತ ದಪ್ಪನೆಯ ಬಿಳಿ ಪಟ್ಟಿ ಕಂಡರೆ ಅದು ನಾರುಗಟ್ಟಿದ ನಾಳದ ಉಳಿಕೆ. ಹಾಗೆಯೇ ಗುಲ್ಮದತ್ತ (ಸ್ಪ್ಲೀನ್) ಪ್ರೋಬ್ ಹಾಯಿಸಿ. ಅಟ್ರೀಸಿಯಾದ ಕೆಲವು ಮಕ್ಕಳಲ್ಲಿ ಒಂದರ ಬದಲು ಹಲವು ಪುಟ್ಟ ಗುಲ್ಮಗಳಿರುತ್ತವೆ. ಪಿತ್ತನಾಳವೇ ಚೀಲದಂತೆ ಹಿಗ್ಗಿದ್ದರೆ ಅದು ಕೋಲೆಡೋಕಲ್ ಸಿಸ್ಟ್ ಎಂಬ ಬೇರೆ ತೊಂದರೆ ಇರಬಹುದು.

ಎಂ.ಆರ್.ಐ.ಯ ಬಗ್ಗೆ ನನಗೆ ಅಷ್ಟು ಉತ್ಸಾಹವಿಲ್ಲ. ಉಸಿರಾಟಕ್ಕೆ ಚಿತ್ರ ಅಲುಗುತ್ತದೆ, ಕೂದಲೆಳೆಯಂಥ ನಾಳ ಆರೋಗ್ಯವಂತ ಶಿಶುವಿನಲ್ಲೂ ತಪ್ಪಿಸಿಕೊಳ್ಳುತ್ತದೆ. ಪಿತ್ತ ಕರುಳಿಗೆ ಇಳಿಯುತ್ತದೆಯೇ ಎಂದು ವಿಕಿರಣಶೀಲ ದ್ರವ್ಯ ಕೊಟ್ಟು ನೋಡುವ ಹೈಡಾ ಸ್ಕ್ಯಾನ್‌ಗೆ ಮೊದಲು ಸಾಮಾನ್ಯವಾಗಿ ಐದು ದಿನ, ಪಿತ್ತದ ಹರಿವು ಹೆಚ್ಚಿಸಲು, ಫಿನೋಬಾರ್ಬಿಟೋನ್ ಔಷಧಿ ಕೊಡುತ್ತಾರೆ. ಕರುಳನ್ನು ಯಕೃತ್ತಿಗೆ ಜೋಡಿಸಿ ಪಿತ್ತಕ್ಕೆ ದಾರಿ ಮಾಡುವ ಕಸಾಯಿ ಶಸ್ತ್ರಚಿಕಿತ್ಸೆ ಹುಟ್ಟಿದ 60 ದಿನದೊಳಗೆ ಆದರೆ ಒಳ್ಳೆಯದು ಎನ್ನುವಾಗ ಐವತ್ತು ದಿನದ ಕೂಸಿಗೆ ಆ ಐದು ದಿನ ದುಬಾರಿ.

ಪಿತ್ತಕೋಶ ಚೆನ್ನಾಗಿ ಕಂಡಿತೆಂದು "ಅಟ್ರೀಸಿಯಾ ಇಲ್ಲ" ಎಂದು ಬರೆಯಬೇಡಿ. ಕೆಲವು ಅಟ್ರೀಸಿಯಾಗಳಲ್ಲಿ ಅದು ಸಹಜವಾಗಿಯೇ ಕಾಣುತ್ತದೆ. ಕಂಡದ್ದನ್ನಷ್ಟೇ ಬರೆಯಿರಿ, ಕೊನೆಯ ಹಾಲಿನ ಹೊತ್ತನ್ನೂ ಸೇರಿಸಿ. ವಯಸ್ಸನ್ನು "ಒಂದು ತಿಂಗಳು" ಎನ್ನದೆ "38 ದಿನ" ಎಂದು ಎಲ್ಲಕ್ಕಿಂತ ಮೇಲೆ ನಮೂದಿಸಿ. ಶಸ್ತ್ರವೈದ್ಯರು ಎಣಿಕೆ ಶುರುಮಾಡುವುದು ಅಲ್ಲಿಂದಲೇ.