ಹಾರ್ಮೋನಿಯಂ ಪಕ್ಕದಲ್ಲಿ ಕೀಬೋರ್ಡ್: ಶ್ರುತಿ ಕೂಡಿಸಿಕೊಳ್ಳುವ ನನ್ನ ಕ್ರಮ

ದಾವಣಗೆರೆ, ಹರಿಹರ, ಜಗಳೂರು ಸುತ್ತಮುತ್ತ ನಡೆಯುವ ವಚನ ಗಾಯನ, ಭಜನೆ, ಸುಗಮ ಸಂಗೀತ ಮತ್ತು ನಾಟಕಗಳಿಗೆ ನಾನು ಎಲೆಕ್ಟ್ರಾನಿಕ್ ಕೀಬೋರ್ಡ್ ನುಡಿಸುತ್ತೇನೆ. ಇಂತಹ ಕಾರ್ಯಕ್ರಮಗಳಲ್ಲಿ ಕೀಬೋರ್ಡ್ ಒಂಟಿಯಾಗಿರುವುದು ಅಪರೂಪ. ಪಕ್ಕದಲ್ಲಿ ಹಾರ್ಮೋನಿಯಂ ಮತ್ತು ತಬಲಾ ಇದ್ದೇ ಇರುತ್ತವೆ, ಕೆಲವೊಮ್ಮೆ ಕೊಳಲೂ ಸೇರುತ್ತದೆ. ಆದ್ದರಿಂದ ಕೀಬೋರ್ಡಿನ ಟ್ಯೂನಿಂಗ್, ವಾಯ್ಸ್ (ಅದು ಹೊರಡಿಸುವ ವಾದ್ಯದ ದನಿ), ಪರದೆ ಇವುಗಳನ್ನು ಹೊಂದಿಸಿಕೊಳ್ಳುವಾಗ ನಾನು ಪಾಲಿಸುತ್ತ ಬಂದಿರುವ ನಿಯಮ ಒಂದೇ: ವೇದಿಕೆಯ ಮೇಲಿನ ವಾದ್ಯಗಳಲ್ಲಿ ಯಾವುದರ ಶ್ರುತಿಯನ್ನು ಅಲ್ಲಿಯೇ ಬದಲಿಸಲು ಬಾರದೋ ಅದನ್ನು ಮೊದಲು ಗುರುತಿಸಿ, ಮಿಕ್ಕಿದ್ದನ್ನೆಲ್ಲ ಅದಕ್ಕೆ ಕೂಡಿಸುವುದು.

ನಮ್ಮ ಭಾಗದಲ್ಲಿ ಆ ವಾದ್ಯ ಹೆಚ್ಚಾಗಿ ಹಾರ್ಮೋನಿಯಂ. ಅದರ ಪ್ರತಿ ಮನೆಗೂ, ಅಂದರೆ ಬೆರಳಿಂದ ಒತ್ತುವ ಪಟ್ಟಿಗೂ, ಒಳಗೆ ಒಂದಾದರೂ ಹಿತ್ತಾಳೆಯ ರೀಡು (ಗಾಳಿಗೆ ಕಂಪಿಸಿ ನುಡಿಯುವ ತೆಳು ನಾಲಗೆ) ಇರುತ್ತದೆ. ಶ್ರುತಿ ಏರಿಸಬೇಕಾದರೆ ಆ ರೀಡಿನ ತುದಿಯನ್ನೂ ಇಳಿಸಬೇಕಾದರೆ ಬುಡದ ಭಾಗವನ್ನೂ ನವಿರಾಗಿ ಹೆರೆಯಬೇಕು. ಅದು ರಿಪೇರಿ ಮಾಡುವವರು ಕುಳಿತು ಮಾಡುವ ಕೆಲಸವೇ ಹೊರತು ನಾಟಕದ ಪರದೆ ಏಳುವ ಮುನ್ನ ಆಗುವಂಥದ್ದಲ್ಲ. ಕೀಬೋರ್ಡಿನಲ್ಲಿ ಅದೇ ಕೆಲಸ ಒಂದು ಸಂಖ್ಯೆಯನ್ನು ಬದಲಿಸಿದರೆ ಮುಗಿಯುತ್ತದೆ. ಮಧ್ಯಸಪ್ತಕದ ‘ಎ’ ಸ್ವರಕ್ಕೆ 440 ಹರ್ಟ್ಸ್ ಎಂಬುದು ಅಂತರರಾಷ್ಟ್ರೀಯ ಮಾನಕ ಸಂಸ್ಥೆ ಒಪ್ಪಿದ ಅಳತೆ, ಕೀಬೋರ್ಡ್ ಕಾರ್ಖಾನೆಯಿಂದ ಬರುವುದೂ ಅದರಲ್ಲಿಯೇ. ಆದರೆ ಮಠಗಳಲ್ಲಿ, ಭಜನಾ ಮಂಡಳಿಗಳಲ್ಲಿ ವರ್ಷಗಟ್ಟಲೆ ನುಡಿದ ಹಾರ್ಮೋನಿಯಂಗಳು ಆ ಅಳತೆಗೆ ಬದ್ಧವಾಗಿರುವುದಿಲ್ಲ. ‘ನನ್ನದು ಸರಿಯಾಗಿ 440 ಇದೆ, ನಿಮ್ಮದೇ ಏರಿದೆ’ ಎಂದು ಹಾರ್ಮೋನಿಯಂ ಮಾಸ್ತರರೊಂದಿಗೆ ವಾದಕ್ಕೆ ಇಳಿಯುವ ಹುಡುಗರನ್ನು ನಾನು ನೋಡಿದ್ದೇನೆ. ಅಳತೆಯ ಲೆಕ್ಕದಲ್ಲಿ ಅವರ ಮಾತು ನಿಜವಿರಬಹುದು, ಆದರೆ ಅದರಿಂದ ಹಾಡುವವರಿಗೆ ಯಾವ ಉಪಕಾರವೂ ಇಲ್ಲ.

ಮೊದಲು ಟ್ರಾನ್ಸ್‌ಪೋಸ್ ಮತ್ತು ಟ್ಯೂನಿಂಗ್ ಇವೆರಡನ್ನೂ ಬೇರೆ ಬೇರೆಯಾಗಿ ತಿಳಿಯಬೇಕು. ಟ್ರಾನ್ಸ್‌ಪೋಸ್ ಒಂದೊಂದು ಮನೆಯಷ್ಟು, ಅಂದರೆ 100 ಸೆಂಟ್‌ನಷ್ಟು ಜಿಗಿಯುತ್ತದೆ (ಅಕ್ಕಪಕ್ಕದ ಎರಡು ಮನೆಗಳ ಅಂತರದ ನೂರನೇ ಒಂದು ಪಾಲೇ ಸೆಂಟ್). ಟ್ಯೂನಿಂಗ್ ಆ ಒಂದು ಮನೆಯೊಳಗಿನ ಸಣ್ಣ ಅಂತರವನ್ನು ಸರಿಪಡಿಸುತ್ತದೆ. ಹಾಡುವವರು ‘ಕಪ್ಪು ಒಂದು’ (ಸಪ್ತಕದ ಮೊದಲ ಕಪ್ಪು ಮನೆಯೇ ಷಡ್ಜ, ಅಂದರೆ ಸಾ) ಎಂದರೆ, ಬಿಳಿ ಒಂದರಿಂದ (ಮೊದಲ ಬಿಳಿ ಮನೆ, ‘ಸಿ’) ನುಡಿಸುವವರು ಟ್ರಾನ್ಸ್‌ಪೋಸನ್ನು +1 ಮಾಡಿಕೊಳ್ಳುತ್ತಾರೆ. ಹೆಣ್ಣುದನಿಗೆ ‘ಕಪ್ಪು ನಾಲ್ಕು’ ಬೇಕಾದಾಗ +8 ಇಡುವ ಬದಲು −4 ಇಟ್ಟರೆ ಷಡ್ಜ ಅದೇ ಬರುತ್ತದೆ, ಸಪ್ತಕ ಮಾತ್ರ ಕೆಳಗಿಳಿಯುತ್ತದೆ. ನನಗೆ ಎರಡನೆಯದೇ ಹಿತ, ಏಕೆಂದರೆ ಹಾಡಿನ ಮೇಲೆ ವಾದ್ಯ ಕೀರಲಾಗಿ ಹತ್ತಿ ಕೂರುವುದಿಲ್ಲ. ಟ್ರಾನ್ಸ್‌ಪೋಸ್ ಬಳಸಿದರೆ ಕೈ ಸೋಮಾರಿಯಾಗುತ್ತದೆ ಎನ್ನುವ ಹಿರಿಯರ ಮಾತನ್ನು ನಾನು ಅರ್ಧ ಒಪ್ಪುತ್ತೇನೆ. ಕಪ್ಪು ಒಂದು, ಕಪ್ಪು ಎರಡು ಇವುಗಳಲ್ಲಿ ನೇರವಾಗಿ ನುಡಿಸುವುದನ್ನು ಕಲಿತಿದ್ದರೆ ಪಕ್ಕದ ಹಾರ್ಮೋನಿಯಂ ಮೇಲಿನ ಬೆರಳನ್ನು ನೋಡಿಯೇ ಗೊತ್ತಿಲ್ಲದ ಹಾಡನ್ನು ಹಿಂಬಾಲಿಸಬಹುದು. ಟ್ರಾನ್ಸ್‌ಪೋಸ್ ಹಾಕಿದೊಡನೆ ಆ ಅನುಕೂಲ ತಪ್ಪುತ್ತದೆ.

ಇನ್ನು ಟ್ಯೂನಿಂಗ್. ಯಮಹಾದ ಪಿಎಸ್‌ಆರ್-ಇ ಸಾಲಿನ ವಾದ್ಯಗಳಲ್ಲಿ ಫಂಕ್ಷನ್ ಬಟನ್ ಒತ್ತಿ ‘ಟ್ಯೂನಿಂಗ್’ ಎಂಬಲ್ಲಿಗೆ ಹೋದರೆ ಸಂಖ್ಯೆಯನ್ನು 427 ರಿಂದ 453 ಹರ್ಟ್ಸ್‌ವರೆಗೆ ಬದಲಿಸಬಹುದು. ಅಂದರೆ ಮೇಲಕ್ಕೂ ಕೆಳಕ್ಕೂ ಹೆಚ್ಚುಕಡಿಮೆ ಅರ್ಧ ಮನೆ. ಕ್ಯಾಸಿಯೋದ ಹಲವು ಮಾದರಿಗಳಲ್ಲಿ ಈ ಹರವು 415.5 ರಿಂದ 465.9 ರವರೆಗೆ ಇರುತ್ತದೆ. ಅರ್ಧ ಮನೆಯ ಹರವೇ ಸಾಕು ಎಂಬುದು ನನ್ನ ಅನುಭವ. ಹಾರ್ಮೋನಿಯಂ 70 ಸೆಂಟ್ ಏರಿದ್ದರೆ ಟ್ರಾನ್ಸ್‌ಪೋಸನ್ನು +1 ಮಾಡಿ ಟ್ಯೂನಿಂಗನ್ನು 30 ಸೆಂಟ್ ಇಳಿಸಿದರೆ, ಅಂದರೆ ಸುಮಾರು 432.4 ಕ್ಕೆ ತಂದರೆ, ಎರಡೂ ಕೂಡುತ್ತವೆ.

ಆದರೆ ಎಷ್ಟು ಏರಿದೆ ಎಂಬುದನ್ನು ತಿಳಿಯುವುದು ಹೇಗೆ? ಮೊಬೈಲಿನ ಟ್ಯೂನರ್ ಆ್ಯಪ್ ಸಂತೆಯಂತಹ ಸಭಾಂಗಣದಲ್ಲಿ ಮೈಕಿನವರ ‘ಹಲೋ ಹಲೋ’ವನ್ನೂ ಸೇರಿಸಿ ಅಳೆಯುತ್ತದೆ. ನಾನು ಕಿವಿಯನ್ನೇ ನೆಚ್ಚುತ್ತೇನೆ. ಅದಕ್ಕೆ ಕೀಬೋರ್ಡಿನಲ್ಲಿ ಸಾದಾ ಆರ್ಗನ್ ವಾಯ್ಸ್ ಒಂದನ್ನು ಆರಿಸಿ, ರಿವರ್ಬ್ (ಪ್ರತಿಧ್ವನಿ), ಕೋರಸ್, ಡ್ಯುಯಲ್ (ಎರಡು ವಾಯ್ಸ್ ಒಟ್ಟಿಗೆ) ಎಲ್ಲವನ್ನೂ ತೆಗೆಯುತ್ತೇನೆ. ಕೋರಸ್ ಎಂಬುದೇ ಶ್ರುತಿಯನ್ನು ಸ್ವಲ್ಪ ಆಚೀಚೆ ಅಲುಗಿಸಿ ದನಿಯನ್ನು ದಪ್ಪ ಮಾಡುವ ಉಪಾಯವಾದ್ದರಿಂದ ಅದನ್ನು ಇಟ್ಟುಕೊಂಡು ಶ್ರುತಿ ಕೂಡಿಸಲು ಹೊರಟರೆ ಯಾವ ಅಲುಗಾಟ ಯಾರದು ಎಂದು ತಿಳಿಯುವುದಿಲ್ಲ. ಪಿಯಾನೊ ವಾಯ್ಸ್ ಕೂಡ ಬೇಡ. ಕೇಳುತ್ತಿರುವಾಗಲೇ ಅದು ಕರಗಿಹೋಗುತ್ತದೆ. ನಂತರ ಹಾರ್ಮೋನಿಯಂನವರಿಗೆ ಹೇಳುವ ಮಾತು ಸಾಮಾನ್ಯವಾಗಿ ಹೀಗಿರುತ್ತದೆ: “ಮಾಸ್ತರೇ, ಕಪ್ಲರ್ ತೆಗೆದು ಬರೀ ಮಧ್ಯದ ಸಾ ಒಂದನ್ನ ಹಿಡೀರಿ, ಗಾಳಿ ಒಂದೇ ಸಮ ಬರಲಿ.” ಕಪ್ಲರ್ ಎಂದರೆ ಒಂದು ಮನೆ ಒತ್ತಿದರೆ ಇನ್ನೊಂದು ಸಪ್ತಕದ ಅದೇ ಸ್ವರವನ್ನೂ ನುಡಿಸುವ ವ್ಯವಸ್ಥೆ. ಹೀಗೆ ಹಲವು ರೀಡುಗಳು ಒಟ್ಟಿಗೆ ನುಡಿದರೆ ಅವುಗಳ ನಡುವಿನ ಜಗಳವೇ ಕೇಳಿಸುತ್ತದೆ, ಗಾಳಿಯ ಒತ್ತಡ ಏರುಪೇರಾದರೆ ರೀಡಿನ ಶ್ರುತಿಯೂ ಕೊಂಚ ಕದಲುತ್ತದೆ.

ಎರಡೂ ಷಡ್ಜಗಳು ಒಟ್ಟಿಗೆ ನಿಂತಾಗ, ಶ್ರುತಿ ಕೂಡದಿದ್ದರೆ, ದನಿ ವೋಂವ್ ವೋಂವ್ ಎಂದು ಉಬ್ಬಿ ಇಳಿಯುತ್ತದೆ. ಒಂದು ಸೆಕೆಂಡಿನಲ್ಲಿ ಎಷ್ಟು ಬಾರಿ ಉಬ್ಬುತ್ತದೆಯೋ ಅಷ್ಟು ಹರ್ಟ್ಸ್ ವ್ಯತ್ಯಾಸವಿದೆ ಎಂದು ಅರ್ಥ. ಇಲ್ಲೊಂದು ಲೆಕ್ಕವನ್ನು ಗಮನಿಸಬೇಕು. ಪರದೆಯ ಮೇಲಿನ ಸಂಖ್ಯೆ ‘ಎ’ ಸ್ವರದ್ದು, ನಾವು ಕೇಳುತ್ತಿರುವುದು ನಮ್ಮ ಷಡ್ಜವನ್ನು. ಕಪ್ಪು ಒಂದರ ಷಡ್ಜ ಸುಮಾರು 277.2 ಹರ್ಟ್ಸ್. ಅಲ್ಲಿ ಸೆಕೆಂಡಿಗೆ ಎರಡು ಅಲೆ ಕೇಳಿಸಿದರೆ ಪರದೆಯ ಸಂಖ್ಯೆಯನ್ನು ಎರಡು ಅಲ್ಲ, ಸುಮಾರು 3.2 ರಷ್ಟು ಬದಲಿಸಬೇಕು. ಏರಿಸಬೇಕೋ ಇಳಿಸಬೇಕೋ ಎಂಬುದನ್ನು ಅಲೆ ಹೇಳುವುದಿಲ್ಲ. ಸ್ವಲ್ಪ ಏರಿಸಿ ನೋಡಿದಾಗ ಅಲೆ ನಿಧಾನವಾದರೆ ದಾರಿ ಸರಿ, ಚುರುಕಾದರೆ ತಿರುಗಬೇಕು. ಅಲೆ ಉದ್ದವಾಗುತ್ತ ಹೋಗಿ ಒಂದು ಉಸಿರಿನಷ್ಟು ಕಾಲದಲ್ಲಿ ಒಮ್ಮೆ ಮಾತ್ರ ಏರಿಳಿಯುವ ಹಂತಕ್ಕೆ ಬಂದರೆ ಸಾಕು. ಆಮೇಲೆ ಪಂಚಮವನ್ನೂ ತಾರ ಷಡ್ಜವನ್ನೂ ಕೇಳುತ್ತೇನೆ. ಹಳೆಯ ಪೆಟ್ಟಿಗೆಯಲ್ಲಿ ರೀಡು ರೀಡಿಗೂ ವ್ಯತ್ಯಾಸವಿರುವುದರಿಂದ ಎಲ್ಲವೂ ಕೂಡಿಬರುವ ನಿರೀಕ್ಷೆ ಇಟ್ಟುಕೊಳ್ಳಬಾರದು. ನಾನು ಮಧ್ಯ ಷಡ್ಜವನ್ನು ನಿಖರವಾಗಿ ಕೂಡಿಸಿ ಉಳಿದವನ್ನು ಹಾಗೆಯೇ ಬಿಡುತ್ತೇನೆ.

ಇದೆಲ್ಲ ಮುಗಿಯುವವರೆಗೆ ತಬಲಾದವರು ಸುತ್ತಿಗೆ ಎತ್ತದಿರುವುದು ಒಳ್ಳೆಯದು. ಅವರು ಕಷ್ಟಪಟ್ಟು ಗಟ್ಟಾ (ತಬಲಾದ ಬದಿಯ ಮರದ ತುಂಡು) ಬಡಿದು ಷಡ್ಜಕ್ಕೆ ತಂದ ಮೇಲೆ ನಾನು ಮೂರು ಹರ್ಟ್ಸ್ ಸರಿದರೆ ಅವರಿಗೆ ಸಿಟ್ಟು ಬರುವುದು ಸಹಜ. ಕೊಳಲಿನ ವಿಷಯ ಬೇರೆ. ತಾಪಮಾನ ಹತ್ತು ಡಿಗ್ರಿ ಏರಿದರೆ ಗಾಳಿಯಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 6 ಮೀಟರ್ ಹೆಚ್ಚುತ್ತದೆ, ಅದರೊಂದಿಗೆ ಕೊಳಲಿನ ಶ್ರುತಿಯೂ ಏರುತ್ತದೆ. ನಮ್ಮ ಬಯಲುಸೀಮೆಯ ಏಪ್ರಿಲ್ ಸಂಜೆಗೂ ಡಿಸೆಂಬರ್ ರಾತ್ರಿಗೂ ಇರುವ ಅಂತರ ಕೊಳಲಿನಲ್ಲಿ ಚೆನ್ನಾಗಿಯೇ ಕೇಳಿಸುತ್ತದೆ. ಹಾರ್ಮೋನಿಯಂ ಇಲ್ಲದೆ ಕೊಳಲು ಮಾತ್ರ ಇದ್ದಾಗ, ಅವರು ಊದಿ ಕೊಳಲು ಬೆಚ್ಚಗಾದ ಮೇಲೆಯೇ ನಾನು ಟ್ಯೂನಿಂಗಿಗೆ ಕೈ ಹಾಕುವುದು.

ತಂಬೂರಿಯ ಜೊತೆ ಮಾತ್ರ ನುಡಿಸುವ ಸಂದರ್ಭ ಬಂದರೆ ಸ್ಕೇಲ್ ಟ್ಯೂನಿಂಗ್ (ಒಂದೊಂದು ಸ್ವರವನ್ನೂ ಬೇರೆಯಾಗಿ ಏರಿಳಿಸುವ ಸೌಲಭ್ಯ) ಇರುವ ವಾದ್ಯವನ್ನೇ ತೆಗೆದುಕೊಂಡು ಹೋಗುತ್ತೇನೆ. ಕೀಬೋರ್ಡಿನ ಹನ್ನೆರಡು ಮನೆಗಳು ಸಮ ಅಂತರದವು, ಆದರೆ ತಂಬೂರಿಯ ಷಡ್ಜದೊಳಗಿನಿಂದ ಹೊಮ್ಮುವ ಗಾಂಧಾರ 400 ಸೆಂಟ್‌ನಲ್ಲಿ ಇಲ್ಲ, ಸುಮಾರು 386 ರಲ್ಲಿದೆ. ಆ ಹದಿನಾಲ್ಕು ಸೆಂಟ್ ಚಿಕ್ಕದೆನಿಸಬಹುದು. ಭೂಪ್ ರಾಗದಲ್ಲಿ ಗಾಂಧಾರದ ಮೇಲೆ ನಿಂತಾಗ ಅದು ಹಲ್ಲಿಗೆ ಸಿಕ್ಕಿದ ಮರಳಿನ ಕಣದಂತೆ ಕಾಡುತ್ತದೆ. ನಾನು ಷಡ್ಜವನ್ನು ಸೊನ್ನೆಯಲ್ಲಿಟ್ಟು ರಿಷಭಕ್ಕೆ +4, ಶುದ್ಧ ಗಾಂಧಾರಕ್ಕೆ −14, ಮಧ್ಯಮಕ್ಕೆ −2, ಪಂಚಮಕ್ಕೆ +2, ಶುದ್ಧ ಧೈವತಕ್ಕೆ −16, ಶುದ್ಧ ನಿಷಾದಕ್ಕೆ −12 ಇಡುತ್ತೇನೆ. ಹೀಗೆ ಇಟ್ಟ ಮೇಲೆ ಕಾರ್ಡ್ (ಹಲವು ಸ್ವರಗಳನ್ನು ಒಟ್ಟಿಗೆ) ಹಿಡಿಯಬಾರದು. ರಿಷಭದಿಂದ ಧೈವತಕ್ಕೆ 702 ಸೆಂಟ್ ಇರಬೇಕಾದಲ್ಲಿ 680 ಮಾತ್ರ ಉಳಿಯುವುದರಿಂದ ಆ ಕಾರ್ಡ್ ಒಡೆದ ಗಂಟೆಯ ದನಿ ಕೊಡುತ್ತದೆ. ಚಿತ್ರಗೀತೆಗೂ ಹಾರ್ಮೋನಿಯಂ ಜೊತೆಗಾರಿಕೆಗೂ ಸಮ ಅಂತರವೇ ಸರಿ. ಟ್ರಾನ್ಸ್‌ಪೋಸ್ ಹಾಕಿದಾಗ ಈ ತಿದ್ದುಪಡಿಗಳು ಒತ್ತುವ ಮನೆಯ ಜೊತೆ ಹೋಗುತ್ತವೆಯೋ ಕೇಳುವ ಸ್ವರದ ಜೊತೆ ಹೋಗುತ್ತವೆಯೋ ಎಂಬುದನ್ನು ಅವರವರ ವಾದ್ಯದಲ್ಲಿ ಗಾಂಧಾರ ನುಡಿಸಿ ಪರೀಕ್ಷಿಸಿಕೊಳ್ಳಬೇಕು.

ವಾಯ್ಸ್ ಆರಿಸುವುದರಲ್ಲಿ ನನ್ನ ನಿಯಮಗಳು ಕಡಿಮೆ. ನಿಜವಾದ ಹಾರ್ಮೋನಿಯಂ ಪಕ್ಕದಲ್ಲಿರುವಾಗ ಹಾರ್ಮೋನಿಯಂ ವಾಯ್ಸನ್ನು ನಾನು ಮುಟ್ಟುವುದಿಲ್ಲ. ಇಬ್ಬರೂ ಒಂದೇ ಜಾಗಕ್ಕೆ ಹೊಡೆದಾಡಿದಂತಾಗುತ್ತದೆ. ವಚನಕ್ಕೆ ಮೆಲು ಸ್ಟ್ರಿಂಗ್ಸ್, ನಡುವೆ ಬರುವ ತುಣುಕುಗಳಿಗೆ ಸಂತೂರ್ ಅಥವಾ ಕೊಳಲು ಸಾಕು. ಹಾರ್ಮೋನಿಯಂ ಇಲ್ಲದ ದಿನ ಹಾರ್ಮೋನಿಯಂ ವಾಯ್ಸ್ ಬಳಸುವುದಾದರೆ ಟಚ್ ರೆಸ್ಪಾನ್ಸನ್ನು (ಬೆರಳ ಪೆಟ್ಟಿಗೆ ತಕ್ಕಂತೆ ದನಿ ಏರಿಳಿಯುವುದು) ತೆಗೆದುಬಿಡುತ್ತೇನೆ, ಏಕೆಂದರೆ ನಿಜವಾದ ಪೆಟ್ಟಿಗೆಯಲ್ಲಿ ದನಿಯ ಏರಿಳಿತ ಬರುವುದು ಗಾಳಿಯಿಂದ, ಬೆರಳ ಪೆಟ್ಟಿನಿಂದ ಅಲ್ಲ. ಕಲ್ಯಾಣ ಮಂಟಪಗಳಲ್ಲಿ ಗೋಡೆಗಳೇ ಬೇಕಾದಷ್ಟು ಪ್ರತಿಧ್ವನಿ ಕೊಡುವುದರಿಂದ ರಿವರ್ಬನ್ನು ಬಹುತೇಕ ತೆಗೆಯುತ್ತೇನೆ. ದುಗ್ಗಮ್ಮನ ಜಾತ್ರೆಯಂತಹ ಬಯಲಿನ ವೇದಿಕೆಯಲ್ಲಿ ಮಾತ್ರ ಅದನ್ನು ಮತ್ತೆ ಏರಿಸಬೇಕಾಗುತ್ತದೆ.

ಪರದೆಯ ಕಾಂಟ್ರಾಸ್ಟನ್ನು ಮನೆಯಲ್ಲಿ ಕುಳಿತು ಹೊಂದಿಸಿದರೆ ವೇದಿಕೆಯಲ್ಲಿ ಅದು ಉಪಯೋಗಕ್ಕೆ ಬರುವುದಿಲ್ಲ. ಎಲ್‌ಸಿಡಿ ಪರದೆಯ ಅಕ್ಷರ ನೋಡುವ ಕೋನಕ್ಕೂ ಬಿಸಿಗೂ ತಕ್ಕಂತೆ ಬದಲಾಗುತ್ತದೆ: ಮಧ್ಯಾಹ್ನದ ಶಾಮಿಯಾನದ ಕೆಳಗೆ ಇಡೀ ಪರದೆ ಕಪ್ಪಾಗಿ ಕಂಡದ್ದು ರಾತ್ರಿ ತಣ್ಣಗಾದ ಮೇಲೆ ಮಸುಕಾಗುತ್ತದೆ. ಸ್ಟ್ಯಾಂಡಿನ ಎತ್ತರ ನಿಗದಿಯಾದ ಮೇಲೆ, ನುಡಿಸುವ ಭಂಗಿಯಲ್ಲಿಯೇ ನಿಂತು ಅಥವಾ ಕುಳಿತು ಅದನ್ನು ತಿದ್ದಿಕೊಳ್ಳಬೇಕು. ನಾಟಕದಲ್ಲಿ ಕೆಂಪು ನೀಲಿ ದೀಪಗಳು ಬಂದಾಗ ಯಾವ ಕಾಂಟ್ರಾಸ್ಟೂ ನೆರವಾಗದು. ಅದಕ್ಕಾಗಿ ಬೇಕಾದ ವಾಯ್ಸ್‌ಗಳ ಸಂಖ್ಯೆಗಳನ್ನು ಬಿಳಿ ಟೇಪಿನ ಮೇಲೆ ಬರೆದು ಪರದೆಯ ಕೆಳಗೆ ಅಂಟಿಸಿರುತ್ತೇನೆ.

ಹೊಂದಿಸಿದ್ದನ್ನು ಉಳಿಸಿಕೊಳ್ಳುವುದೂ ಒಂದು ಕೆಲಸ. ವಾಯ್ಸ್, ಟ್ರಾನ್ಸ್‌ಪೋಸ್, ತಾಳದ ವೇಗ ಇವನ್ನು ಹಾಡಿನ ಅನುಕ್ರಮದಲ್ಲಿ ರಿಜಿಸ್ಟ್ರೇಷನ್ ಮೆಮರಿಗೆ (ಹೊಂದಿಕೆಗಳನ್ನು ಉಳಿಸಿ ಬಟನ್ ಒತ್ತಿ ಮರಳಿ ಪಡೆಯುವ ನೆನಪು) ಹಾಕುತ್ತೇನೆ. ಪಿಎಸ್‌ಆರ್-ಇ ಸಾಲಿನ ವಾದ್ಯಗಳು ಮೂಲ ಹೊಂದಿಕೆಯಲ್ಲಿ 30 ನಿಮಿಷ ಯಾರೂ ಮುಟ್ಟದಿದ್ದರೆ ತಾವಾಗಿಯೇ ಆರುತ್ತವೆ, ನಮ್ಮಲ್ಲಿ ಅಧ್ಯಕ್ಷರ ಭಾಷಣ ಒಂದೇ ಆ ಗಡಿಯನ್ನು ಸುಲಭವಾಗಿ ದಾಟುತ್ತದೆ. ಎಡತುದಿಯ ಮನೆಯನ್ನು ಒತ್ತಿಹಿಡಿದು ಆನ್ ಮಾಡಿದರೆ ಆ ವ್ಯವಸ್ಥೆ ರದ್ದಾಗುತ್ತದೆ. ಬಲತುದಿಯ ಬಿಳಿ ಮನೆಯನ್ನು ಹಿಡಿದು ಆನ್ ಮಾಡಿದರೆ ಉಳಿಸಿದ ಹೊಂದಿಕೆಗಳೇ ಅಳಿಸಿಹೋಗುವುದರಿಂದ ಎಡಬಲ ಮರೆಯಬಾರದು. ನನ್ನ ವಾದ್ಯದಲ್ಲಿ ಟ್ರಾನ್ಸ್‌ಪೋಸ್ ಆಫ್ ಮಾಡಿದೊಡನೆ ಸೊನ್ನೆಗೆ ಮರಳುತ್ತದೆ, ಟ್ಯೂನಿಂಗ್ ಮಾತ್ರ ಹಾಗೆಯೇ ಉಳಿಯುತ್ತದೆ. ಆದ್ದರಿಂದ ಕಾರ್ಯಕ್ರಮ ಮುಗಿದು ವೈರು ಸುತ್ತುವ ಮೊದಲು ಆ ದಿನದ ಸಂಖ್ಯೆಯನ್ನು, ಯಾವ ಮಂಡಳಿಯ ಹಾರ್ಮೋನಿಯಂ ಎಂಬುದರೊಂದಿಗೆ ಡೈರಿಯಲ್ಲಿ ಬರೆದುಕೊಂಡು, ಟ್ಯೂನಿಂಗನ್ನು 440 ಕ್ಕೆ ತಂದೇ ಸ್ವಿಚ್ ಆಫ್ ಮಾಡುತ್ತೇನೆ. ಅದೇ ಮಂಡಳಿ ಮತ್ತೆ ಕರೆದಾಗ ಅದೇ ಸಂಖ್ಯೆಯಿಂದ ಕೇಳಲು ಆರಂಭಿಸಿದರೆ ಅಲೆ ಬಹುಬೇಗ ನಿಲ್ಲುತ್ತದೆ.